ಕೊಸರಿನ ಸೊಪ್ಪು

ಜಪಾನಿನ ಅಡಿಗೆಯವರು ತಿಳಿಸಾರಿನ ಬಟ್ಟಲನ್ನು ಅತಿಥಿಯ ಮುಂದಿಡುವ ಮುನ್ನ ಒಂದು ಸಣ್ಣ ಕೆಲಸ ಮಾಡುತ್ತಾರೆ. ವಸಂತದಲ್ಲಿ ದೊರೆಯುವ ಒಂದು ಎಳೆಯ ಚಿಗುರನ್ನು ಅಂಗೈಯ ಮೇಲಿಟ್ಟುಕೊಂಡು, ಇನ್ನೊಂದು ಅಂಗೈಯಿಂದ ಒಮ್ಮೆ ಫಟ್ಟೆಂದು ತಟ್ಟಿ, ಅನಂತರ ಅದನ್ನು ಸಾರಿನ ಮೇಲೆ ತೇಲಬಿಡುತ್ತಾರೆ. ಆ ಚಿಗುರಿನ ಹೆಸರು ಕಿನೋಮೆ. ತಟ್ಟಿದಾಗ ಎಲೆಯೊಳಗಿನ ಸಣ್ಣ ಎಣ್ಣೆಚೀಲಗಳು ಒಡೆದು ಕಂಪು ಹೊರಗೆ ಬರುತ್ತದೆ. ಬಟ್ಟಲಿನ ಮುಚ್ಚಳ ತೆಗೆದವನನ್ನು ಸಾರಿನ ರುಚಿಗಿಂತ ಮೊದಲು ಎದುರುಗೊಳ್ಳುವುದು ಈ ಎಲೆಯ ಪರಿಮಳ.

ಇದನ್ನು ಓದಿದ ದಿನ ನನ್ನ ಮನಸ್ಸು ಜಪಾನಿಗೆ ಹೋಗಲಿಲ್ಲ. ಬೀರೂರಿನ ನಮ್ಮ ಹಳೆಯ ಮನೆಯ ಅಡಿಗೆಕೋಣೆಗೆ ಹೋಯಿತು. ನನ್ನ ಸೋದರತ್ತೆ ಒಗ್ಗರಣೆಯ ಸೌಟಿನ ಮುಂದೆ ಕುಳಿತು, ಸಾಸಿವೆ ಸಿಡಿಯುವುದನ್ನು ಕಾಯುತ್ತ, ಎಡಗೈಯಲ್ಲಿ ಒಂದು ಎಸಳು ಕರಿಬೇವನ್ನು ಹಿಡಿದಿರುತ್ತಿದ್ದರು. ಎಣ್ಣೆಗೆ ಹಾಕುವ ಮುನ್ನ ಎಲೆಗಳನ್ನು ಅಂಗೈಯಲ್ಲಿ ಒಮ್ಮೆ ಮೆಲ್ಲಗೆ ಹೊಸೆಯುತ್ತಿದ್ದರು. ಯಾವ ದೇಶದ ಪಾಕಶಾಸ್ತ್ರವನ್ನೂ ಅವರು ಓದಿದವರಲ್ಲ. ಆದರೂ ಆ ಅಂಗೈಗೂ ಈ ಅಂಗೈಗೂ ಗೊತ್ತಿದ್ದ ಸಂಗತಿ ಒಂದೇ ಆಗಿತ್ತು.

ಊಟದ ಚರಿತ್ರೆಯನ್ನು ಬರೆಯುವವರು ಅಕ್ಕಿ ರಾಗಿಗಳ ವಿಷಯ ಬರೆಯುತ್ತಾರೆ. ಮೆಣಸಿಗಾಗಿ ಹಡಗುಗಳು ಸಮುದ್ರ ದಾಟಿದ ಕಥೆ ಬರೆಯುತ್ತಾರೆ. ಕಟ್ಟಕಡೆಗೆ ಉದುರಿಸುವ, ಉಣ್ಣುವಾಗ ಎಲ್ಲಕ್ಕಿಂತ ಮೊದಲು ಎಲೆಯ ಅಂಚಿಗೆ ಸರಿಸುವ ಸೊಪ್ಪಿನ ಚರಿತ್ರೆಯನ್ನು ಬರೆದವರು ಕಡಮೆ. ಬಹಳ ದುಡಿಸಿಕೊಂಡು ಆಮೇಲೆ ಮರೆತುಬಿಟ್ಟರೆ, ಕರಿಬೇವಿನಂತೆ ಎತ್ತಿ ಹಾಕಿದರು ಎಂದು ನಮ್ಮ ಜನ ಹೇಳುವುದುಂಟು. ಆ ಮಾತಿನ ಹಿಂದೆ ಇರುವ ಎಲೆಯ ಸಂಗತಿಯನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಬೀರೂರು ಎರಡು ಸೀಮೆಗಳ ನಡುವಿನ ಊರು. ಪಡುವಣಕ್ಕೆ ಬಾಬಾಬುಡನ್ ಗಿರಿಯ ಸಾಲು, ಮೂಡಣಕ್ಕೆ ಅಜ್ಜಂಪುರ, ಹೊಸದುರ್ಗಗಳ ಕಡೆಯ ಬಯಲು. ಬೆಂಗಳೂರಿನಿಂದ ಹರಿಹರದವರೆಗಿನ ರೈಲುದಾರಿ 1889ರಲ್ಲಿ ಪೂರ್ಣಗೊಂಡಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹೊರಟಿತು. ಹೀಗೆ ಜಂಕ್ಷನ್ ಆದ ಊರಿಗೆ ಮಲೆನಾಡಿನ ಅಡಕೆಯೂ ಬಯಲುಸೀಮೆಯ ತೆಂಗು ಈರುಳ್ಳಿಗಳೂ ಬಂದು ಸೇರುತ್ತಿದ್ದವು. ಸರಕಿನ ಜೊತೆಗೆ ಅಡಿಗೆಯ ಪದ್ಧತಿಗಳೂ ಬಂದು ಸೇರುತ್ತವೆ. ಮುದ್ದೆ, ಸೊಪ್ಪಿನ ಸಾರು ಉಣ್ಣುವ ಮನೆಯ ಪಕ್ಕದಲ್ಲಿಯೇ ತಂಬುಳಿ ಕಲಸುವ ಮನೆ ಇರುತ್ತಿತ್ತು.

ನಮ್ಮ ಮನೆಯಲ್ಲಿ ಈ ಎರಡು ಸೀಮೆಗಳೂ ಅತ್ತೆಯ ಕೈಯಲ್ಲಿಯೇ ಕೂಡಿದ್ದವು. ಅವರನ್ನು ಕೊಪ್ಪದ ಕಡೆಗೆ ಕೊಟ್ಟಿದ್ದರು. ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದರು. ಬರುವಾಗ ಒಂದು ಬಟ್ಟೆಯ ಗಂಟು, ತೆಂಗಿನ ಕರಟದಲ್ಲಿ ಬೇರುಸಹಿತ ಒಂದು ಗಿಡ, ಇಷ್ಟನ್ನು ತಂದರೆಂದು ಮನೆಯಲ್ಲಿ ಹೇಳುತ್ತಿದ್ದರು. ಅದು ಕಾಡುಕೊತ್ತಂಬರಿ. ಉದ್ದನೆಯ ಎಲೆ, ಅಂಚಿನಲ್ಲಿ ಸಣ್ಣ ಮುಳ್ಳು. ವಾಸನೆ ಕೊತ್ತಂಬರಿಯದೇ, ಆದರೆ ನಾಲ್ಕು ಪಾಲು ಬಲವಾದದ್ದು. ಇದರ ಮೂಲ ಅಮೆರಿಕ ಖಂಡದ ಉಷ್ಣ ಪ್ರದೇಶಗಳು. ಮಲೆನಾಡಿನ ಮಳೆಗಾಲದಲ್ಲಿ ನಾಜೂಕಿನ ಕೊತ್ತಂಬರಿ ಕೊಳೆತುಹೋಗುತ್ತದೆ. ಆಗ ಹಿತ್ತಿಲಿನ ನೆರಳಿನಲ್ಲಿ ಹಬ್ಬಿಕೊಂಡಿರುವ ಈ ಪರದೇಶದ ಗಿಡವೇ ಅಲ್ಲಿಯ ಸಾರಿಗೆ ಗತಿ. ಬೀರೂರಿನ ಬಿಸಿಲು ಅದಕ್ಕೆ ಹಿಡಿಸುವುದಲ್ಲ. ಬಚ್ಚಲ ನೀರು ಹರಿದುಹೋಗುವ ಕಡೆ, ಗೋಡೆಯ ನೆರಳಿನಲ್ಲಿ ಅತ್ತೆ ಅದನ್ನು ಬದುಕಿಸಿಕೊಂಡಿದ್ದರು. ಪಕ್ಕದಲ್ಲಿ ದೊಡ್ಡಪತ್ರೆ, ಅದರಾಚೆ ಬಾವಿಯ ಬಳಿ ಹಳೆಯ ಕರಿಬೇವಿನ ಮರ.

ಸೊಪ್ಪಿಗೆಲ್ಲ ಒಂದು ಹೊತ್ತು ಇದೆ ಎಂಬುದು ಅತ್ತೆಯ ನಿಯಮ. ಕರಿಬೇವು ಕಾದ ಎಣ್ಣೆಗೆ ಬೀಳಬೇಕು. ಕಾಡುಕೊತ್ತಂಬರಿ ಸಾರಿನ ಜೊತೆ ಒಂದು ಕುದಿ ಕುದಿಯಬೇಕು. ನಾಟಿ ಕೊತ್ತಂಬರಿ ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಬೀಳಬೇಕು, ಬಿದ್ದೊಡನೆ ಮುಚ್ಚಳ ಮುಚ್ಚಬೇಕು. ಹುಡುಗನಾಗಿದ್ದಾಗ ನನಗೆ ಇದು ಬರಿಯ ಮಡಿಯ ಕಟ್ಟಳೆಯಂತೆ ಕಾಣುತ್ತಿತ್ತು. ಈಗ ಅದರ ಕಾರಣ ತಿಳಿಯುತ್ತದೆ. ಕರಿಬೇವಿನ ಕಂಪಿನ ಅಂಶಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಎಣ್ಣೆ ಆ ಕಂಪನ್ನು ಹೊತ್ತುಕೊಂಡು ಇಡೀ ಪಾತ್ರೆಗೆ ಹರಡುತ್ತದೆ. ಕೊತ್ತಂಬರಿ ಸೊಪ್ಪಿನ ವಾಸನೆ ಆಲ್ಡಿಹೈಡ್ ಎಂಬ ಜಾತಿಯ ವಸ್ತುಗಳಿಂದ ಬರುವಂಥದು. ಕುದಿಯಲು ಬಿಟ್ಟರೆ ಅವು ಹಬೆಯೊಡನೆ ಹಾರಿಹೋಗಿ ನಾರು ಮಾತ್ರ ಉಳಿಯುತ್ತದೆ. ಅತ್ತೆಗೆ ಆಲ್ಡಿಹೈಡಿನ ಹೆಸರು ತಿಳಿದಿರಲಿಲ್ಲ; ಅದರ ಗುಣ ತಿಳಿದಿತ್ತು.

ಇಂಥ ತಿಳಿವಳಿಕೆ ನಮ್ಮ ಗ್ರಂಥಗಳಲ್ಲಿ ಇದೆಯೇ ಎಂದು ಹುಡುಕುವ ಹವ್ಯಾಸ ನನಗೆ ಬಂದದ್ದು ಬಹಳ ತಡವಾಗಿ. ಅಡಿಗೆಯ ವಿಷಯದಲ್ಲಿ ಕನ್ನಡ ಬಡವಾದ ಭಾಷೆಯಲ್ಲ. ಸುಮಾರು 920ರ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ರಚಿಸಿದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಮಸಾಲೆಯನ್ನೂ ಕೂಡಿಸಿ ಇಡ್ಡಲಿಗೆ ಮಾಡುವ ಕ್ರಮವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 1129ರ ಸುಮಾರಿಗೆ ಸಿದ್ಧವಾದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಅರಸನ ಅನ್ನಭೋಗಕ್ಕೆ ಒಂದು ಪ್ರಕರಣ, ಕುಡಿಯುವ ನೀರಿಗೂ ಒಂದು ಪ್ರಕರಣ. ಮೂರನೆಯ ಮಂಗರಸನಂತೂ 1508ರ ಸುಮಾರಿಗೆ ಸೂಪಶಾಸ್ತ್ರವನ್ನು ವಾರ್ಧಕ ಷಟ್ಪದಿಯಲ್ಲಿಯೇ ಬರೆದ. ಬದನೆಕಾಯಿಗೆ ಷಟ್ಪದಿಯ ಗೌರವ ದೊರೆತದ್ದು ನಮ್ಮ ಭಾಷೆಯಲ್ಲಿ!

ಇವುಗಳಲ್ಲಿ ಕಂಪಿನ ಮಾತು ಧಾರಾಳವಾಗಿದೆ. ಆದರೆ ಆ ಕಂಪು ಹೆಚ್ಚಾಗಿ ಕರ್ಪೂರದ್ದು, ಏಲಕ್ಕಿಯದು, ಇಂಗಿನದು, ಹೂವಿನದು. ಅರಮನೆಯ ಅಡಿಗೆಯಲ್ಲಿ ಬೆಲೆಬಾಳುವ ವಸ್ತು ಮುಂದೆ ನಿಲ್ಲುವುದು ಸಹಜ. ಶಾಸನಗಳ ಕಡೆಗೆ ತಿರುಗಿದರೂ ಇದೇ ಕಥೆ. ಸಂತೆಗೆ ಬಂದ ಸರಕಿಗೆ ಇಷ್ಟಿಷ್ಟು ಸುಂಕವೆಂದು, ಅದರಲ್ಲಿ ದೇವಸ್ಥಾನಕ್ಕೆ ಇಷ್ಟೆಂದು ಬಿಟ್ಟ ದತ್ತಿಗಳ ಪಟ್ಟಿಗಳಲ್ಲಿ ಮೆಣಸು ಬರುತ್ತದೆ, ಅಡಕೆ ಬರುತ್ತದೆ. ವೀಳ್ಯದೆಲೆಯನ್ನು ಹೇರಿನ ಲೆಕ್ಕದಲ್ಲಿ ಎಣಿಸಿರುತ್ತಾರೆ. ವೀಳ್ಯದೆಲೆಯೂ ಎಲೆ, ಕರಿಬೇವೂ ಎಲೆ. ಒಂದು ಹೇರಾಗಿ ಮಾರುಕಟ್ಟೆಗೆ ಹೋಯಿತು, ಆದ್ದರಿಂದ ಕಲ್ಲಿನ ಮೇಲೆ ನಿಂತಿತು. ಇನ್ನೊಂದು ಹಿತ್ತಿಲಿನಿಂದ ಅಡಿಗೆಕೋಣೆಗೆ ಹತ್ತು ಹೆಜ್ಜೆ ನಡೆಯಿತು, ಅಷ್ಟೆ. ಆ ಹತ್ತು ಹೆಜ್ಜೆಗೆ ಸುಂಕ ಹಾಕುವ ಅರಸ ಹುಟ್ಟಲಿಲ್ಲ.

ಚರಿತ್ರೆ ಬಹುಮಟ್ಟಿಗೆ ಲೆಕ್ಕಪತ್ರಗಳ ಮಗಳು ಎಂದು ನನಗೆ ತೋರುವುದು ಇಂಥ ಕಡೆಯಲ್ಲಿ. ಕೊಂಡದ್ದು, ಮಾರಿದ್ದು, ತೆತ್ತದ್ದು ದಾಖಲೆಯಾಗುತ್ತದೆ. ಕೊಳ್ಳದೆ ದೊರೆತದ್ದು ಕೈಬಿಟ್ಟುಹೋಗುತ್ತದೆ. ನಮ್ಮ ಸಂತೆಯಲ್ಲಿ ಬದನೆಕಾಯಿ, ಹುರುಳಿಕಾಯಿ ತೂಗಿಸಿಕೊಂಡ ಮೇಲೆ ನಾಲ್ಕು ಎಸಳು ಕರಿಬೇವು, ಒಂದು ಹಿಡಿ ಕೊತ್ತಂಬರಿ ಬುಟ್ಟಿಗೆ ಬೀಳುತ್ತಿತ್ತು. ಅದಕ್ಕೆ ಕೊಸರು ಎಂದು ಹೆಸರು. ಕೊಸರಿಗೆ ತೂಕವಿಲ್ಲ, ಬೆಲೆಯಿಲ್ಲ. ಕೊಡದಿದ್ದರೆ ಮಾತ್ರ ಜಗಳ. ಎಲ್ಲರಿಗೂ ಬೇಕಾದ, ಯಾರ ಲೆಕ್ಕಕ್ಕೂ ಸೇರದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಹೆಸರು ನಮ್ಮಲ್ಲಿ ಇಲ್ಲ.

ಪುಸ್ತಕಗಳಲ್ಲಿ ಈ ಸೊಪ್ಪುಗಳ ಸುಳಿವೇ ಇಲ್ಲವೆಂದು ಇದರ ಅರ್ಥವಲ್ಲ. ಕೊತ್ತಂಬರಿಯ ಮೂಲ ಮೆಡಿಟರೇನಿಯನ್ ಹಾಗೂ ಪಶ್ಚಿಮ ಏಷ್ಯದ ಕಡೆ. ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ ಈಜಿಪ್ಟಿನ ಅರಸ ಟೂಟಂಖಾಮನ್‌ನ ಸಮಾಧಿಯಲ್ಲಿ ಅದರ ಬೀಜಗಳು ದೊರೆತಿವೆ. ನಮ್ಮ ಪಾಣಿನಿ ಅಷ್ಟಾಧ್ಯಾಯಿಯಲ್ಲಿ ‘ಕುಸ್ತುಂಬುರು’ ಶಬ್ದಕ್ಕಾಗಿಯೇ ಒಂದು ಸೂತ್ರವನ್ನು ಮೀಸಲಿಟ್ಟಿದ್ದಾನೆ; ನಮ್ಮ ಕೊತ್ತುಂಬರಿ, ಕೊತ್ತಂಬರಿಗಳು ಆ ಶಬ್ದದ ನಂಟರು. ಆದರೆ ಬೀಜ ಬೇರೆ, ಸೊಪ್ಪು ಬೇರೆ. ಬೀಜ ಒಣಗಿ ವರ್ಷಗಟ್ಟಲೆ ಇರುತ್ತದೆ, ಒಂಟೆಯ ಮೇಲೂ ಹಡಗಿನಲ್ಲೂ ದೇಶ ಸುತ್ತುತ್ತದೆ. ಸೊಪ್ಪಿನ ಆಯುಸ್ಸು ಒಂದು ದಿನ. ಅದನ್ನು ಉಣ್ಣಬೇಕೆಂದರೆ ಪ್ರತಿ ಊರೂ ತಾನೇ ಬೆಳೆದುಕೊಳ್ಳಬೇಕು. ಬೀಜದ ಚರಿತ್ರೆ ವ್ಯಾಪಾರಿಗಳದು, ಸೊಪ್ಪಿನ ಚರಿತ್ರೆ ಹಿತ್ತಿಲುಗಳದು.

ಕರಿಬೇವಾದರೋ ನಮ್ಮ ನಾಡಿನ ಮರವೇ. ತಮಿಳಿನ ಸಂಗಮ ಸಾಹಿತ್ಯದ ಪೆರುಂಪಾಣಾಟ್ರುಪ್ಪಡೈ ಎಂಬ ಹಳೆಯ ಕಾವ್ಯದಲ್ಲಿ, ಬೆಣ್ಣೆಯಲ್ಲಿ ಬೇಯಿಸಿದ ದಾಳಿಂಬೆಯ ಕಾಯಿಗೆ ಮೆಣಸನ್ನೂ ಕರಿಬೇವನ್ನೂ ಕೂಡಿಸಿದ ಒಂದು ಊಟದ ವರ್ಣನೆಯಿದೆ. ಅನಂತರ ಎಷ್ಟೋ ಶತಮಾನಗಳವರೆಗೆ ಮರ ತನ್ನ ಪಾಡಿಗೆ ಹಿತ್ತಿಲಿನಲ್ಲಿತ್ತು. 1768ರಲ್ಲಿ ತರಂಗಂಬಾಡಿಗೆ ಬಂದ ಯೋಹಾನ್ ಕೋನಿಗ್ ಎಂಬ ವೈದ್ಯ ಸಸ್ಯಗಳನ್ನು ಸಂಗ್ರಹಿಸಿ ತನ್ನ ಗುರು ಲಿನೇಯಸ್ಸನಿಗೆ ಕಳುಹಿಸುತ್ತಿದ್ದ. 1771ರಲ್ಲಿ ಲಿನೇಯಸ್ ನಮ್ಮ ಕರಿಬೇವಿಗೆ ಬರ್ಗೆರಾ ಕೋನಿಗಿ ಎಂದು ಹೆಸರಿಟ್ಟ. 1825ರಲ್ಲಿ ಇನ್ನೊಬ್ಬ ಪಂಡಿತ ಅದನ್ನು ಮುರ್ರಾಯ ಕೋನಿಗಿ ಎಂದು ಬದಲಿಸಿದ. ಈಚಿನ ಸಸ್ಯಶಾಸ್ತ್ರಜ್ಞರು ಮತ್ತೆ ಬರ್ಗೆರಾಕ್ಕೇ ಮರಳಿದ್ದಾರೆ. ಸಾವಿರಾರು ವರ್ಷ ಆ ಎಲೆಯನ್ನು ಕಿತ್ತು ಹೊಸೆದ ಕೈಗಳ ಗುರುತು ಈ ಹೆಸರುಗಳಲ್ಲಿ ಇಲ್ಲ.

ಆ ಗುರುತು ಇರುವುದು ಬೇರೆ ಕಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದ ಕೂಲಿಯವರನ್ನು ಕಬ್ಬಿನ ತೋಟಗಳಿಗಾಗಿ ಹಿಂದೂ ಮಹಾಸಾಗರದ ದ್ವೀಪಗಳಿಗೆ ಕರೆದೊಯ್ದರು. ಫ್ರೆಂಚರ ರೆಯೂನಿಯನ್ ದ್ವೀಪದಲ್ಲಿ ಇಂದಿಗೂ ಕರಿಬೇವಿಗೆ ‘ಕಲುಪಿಲೇ’ ಎನ್ನುತ್ತಾರೆ. ತಮಿಳಿನ ‘ಕರುವೇಪ್ಪಿಲೈ’ ಅಷ್ಟು ದೂರ ಹೋಗಿ ಹಾಗೆ ಸವೆದು ಉಳಿದಿದೆ. ಹಡಗಿನ ದಫ್ತರದಲ್ಲಿ ಕೂಲಿಯವರ ಸಂಖ್ಯೆಗಳಿದ್ದವು. ಅವರು ತಮ್ಮ ಊಟದ ಕಂಪನ್ನು ಮರೆಯಲಿಲ್ಲ ಎಂಬುದಕ್ಕೆ ಈ ಒಂದು ಶಬ್ದವೇ ಸಾಕ್ಷಿ.

ಈಗ ಮತ್ತೆ ಜಪಾನಿನ ಬಟ್ಟಲಿಗೆ ಬರೋಣ. ಅಲ್ಲಿ ಇಂಥ ಸೊಪ್ಪು, ಬೇರು, ಸಿಪ್ಪೆಗಳಿಗೆ ಯಾಕುಮಿ ಎಂಬ ಹೆಸರಿದೆ. ಅದನ್ನು ಬರೆಯುವ ಎರಡು ಅಕ್ಷರಗಳ ಅರ್ಥ ಔಷಧ ಮತ್ತು ರುಚಿ. ತಿಳಿಸಾರಿನ ಮೇಲಿಡುವ ಕಂಪಿಗೆ ಸುಯಿಕುಚಿ ಎಂದು ಬೇರೆಯೇ ಹೆಸರು. ನನಗೆ ಸೋಜಿಗವಾದದ್ದು ಈ ಗಿಡಗಳ ಕುಲಗೋತ್ರ. ಕಿನೋಮೆ ಎಂಬುದು ಸಾನ್‌ಶೋ ಎಂಬ ಮುಳ್ಳುಗಿಡದ ಚಿಗುರು. ನಮ್ಮ ಮಲೆನಾಡು ಕರಾವಳಿಗಳ ಜುಮ್ಮನಕಾಯಿ ಅದರ ಒಡಹುಟ್ಟು. ಇವೆರಡೂ ನಿಂಬೆಯ ಕುಟುಂಬಕ್ಕೆ ಸೇರಿದವು. ನಮ್ಮ ಕರಿಬೇವೂ ಆ ಕುಟುಂಬದ್ದೇ. ಸಾರಿಗೆ ಹಾಕುವ ಮಿತ್ಸುಬಾ ಎಂಬ ಮೂರೆಲೆಯ ಸೊಪ್ಪು ಕೊತ್ತಂಬರಿಯ ಕುಟುಂಬದ್ದು. ಹಸಿಮೀನಿನ ಪಕ್ಕಕ್ಕಿಡುವ ಶಿಸೊ ಎಲೆ ನಮ್ಮ ತುಳಸಿ, ದೊಡ್ಡಪತ್ರೆಗಳ ಬಳಗ. ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳ ಅಡಿಗೆಯವರು ಬೇರೆ ಬೇರೆ ಗಿಡಗಳನ್ನು ಆರಿಸಿಕೊಂಡರೂ ಅದೇ ಮೂರು ಮನೆತನಗಳ ಬಾಗಿಲು ತಟ್ಟಿದ್ದಾರೆ!

ಇನ್ನೂ ಒಂದು ಸಂಗತಿಯಿದೆ. ಜಪಾನಿಗೆ ಕೊತ್ತಂಬರಿ ಹೊಸದಲ್ಲ. 927ರಲ್ಲಿ, ಎಂದರೆ ನಮ್ಮ ವಡ್ಡಾರಾಧನೆಯ ಕಾಲದಲ್ಲಿಯೇ, ಪೂರ್ಣಗೊಂಡ ಎಂಗಿಶಿಕಿ ಎಂಬ ಅರಮನೆಯ ಕಟ್ಟಳೆಗಳ ಗ್ರಂಥದಲ್ಲಿ ಅದರ ಉಲ್ಲೇಖವಿದೆ. ಹಸಿಮೀನಿನ ಜೊತೆಗೆ ಬಳಸುತ್ತಿದ್ದ ಸೊಪ್ಪು ಅದು. ಆದರೆ ಆಮೇಲೆ ಅದು ಅಲ್ಲಿಯ ಊಟದಿಂದ ಮರೆಯಾಯಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಥಾಯ್ ಊಟದ ಜೊತೆಗೆ ‘ಪಕುಚಿ’ ಎಂಬ ಹೊಸ ಹೆಸರಿನಿಂದ ಮತ್ತೆ ಬಂದಾಗ ಹಲವರಿಗೆ ಅದು ಪರದೇಶದ ವಸ್ತುವಾಗಿತ್ತು. ಗ್ರಂಥದಲ್ಲಿ ಬರೆದಿಟ್ಟದ್ದು ಮನೆಯಿಂದ ಮಾಯವಾಯಿತು. ನಮ್ಮಲ್ಲಿ ಯಾರೂ ಬರೆದಿಡದ ಹೊತ್ತುಗೊತ್ತಿನ ಕಟ್ಟಳೆ ಕೈಯಿಂದ ಕೈಗೆ ದಾಟಿ ಉಳಿದುಕೊಂಡಿತು. ಸೊಪ್ಪನ್ನು ಉಳಿಸುವುದು ಗ್ರಂಥವಲ್ಲ, ದಿನವೂ ಅದನ್ನು ಕೀಳಲು ಹೋಗುವ ಕೈ. ಆ ಕೈ ನಿಂತರೆ ಎಂಥ ಅರಮನೆಯ ಸೊಪ್ಪೂ ನಿಂತುಹೋಗುತ್ತದೆ.

ಈ ಮಾತನ್ನು ನಾನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಒಂದು ಕಾರಣವಿದೆ. ಅದನ್ನು ಹೇಳಲು ಸಂಕೋಚವೂ ಇದೆ. 1967ರಲ್ಲಿ ನಮ್ಮ ಮನೆ ಪಾಲಾಯಿತು. ನನಗಾಗ ಹದಿನೇಳು ವರ್ಷ. ಅಕ್ಷರ ದುಂಡಗಿದೆಯೆಂದು ಪಾಲುಪಾರೀಕತ್ತಿನ ಕರಡನ್ನು ಬರೆಯಲು ನನ್ನನ್ನೇ ಕೂರಿಸಿದರು. ಮನೆ, ಹಿತ್ತಿಲಿನ ಚಕ್ಕುಬಂದಿ. ತೆಂಗಿನ ಮರ ಹನ್ನೊಂದು, ಮಾವು ಎರಡು, ಹಲಸು ಒಂದು. ತಾಮ್ರದ ಹಂಡೆ, ಕೊಪ್ಪರಿಗೆ, ಒರಳು, ಬೀಸುಕಲ್ಲು, ಎಲ್ಲವನ್ನೂ ಎಣಿಸಿ ಬರೆದೆ. ಬಾವಿಯ ಬಳಿಗೆ ಬಂದಾಗ ‘ಕರಿಬೇವಿನ ಮರ ಒಂದು’ ಎಂದು ಬರೆಯಲೇ ಎಂದು ಕೇಳಿದೆ. ದೊಡ್ಡಪ್ಪ ನಕ್ಕು, “ಅದನ್ನೇನೋ ಬರೆಯೋದು!” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಪತ್ರದಲ್ಲಿ ಅತ್ತೆಯ ಹೆಸರೂ ಇರಲಿಲ್ಲ. ಅದರ ಬಗ್ಗೆಯಂತೂ ನಾನು ಕೇಳಲೂ ಇಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಎಂಬ ಕಾನೂನು ದೇಶಕ್ಕೆಲ್ಲ ಬಂದದ್ದು 2005ರಲ್ಲಿ; ಅವರ ಕಾಲಕ್ಕೆ ಅದು ಯಾರ ಯೋಚನೆಯಲ್ಲಿಯೂ ಇರಲಿಲ್ಲ. ಮೂವರು ಅಣ್ಣತಮ್ಮಂದಿರ ಮನೆಗಳಲ್ಲಿ ಅತ್ತೆ ನಾಲ್ಕು ನಾಲ್ಕು ತಿಂಗಳು ಇರುವುದೆಂದು ಬಾಯಿಮಾತಿನಲ್ಲಿ ಗೊತ್ತಾಯಿತು. ಹಂಡೆಗೆ ಪತ್ರವಾಯಿತು, ಅತ್ತೆಗೆ ಬಾಯಿಮಾತು ಸಾಕಾಯಿತು. ಅವರು ಏನೂ ಅನ್ನಲಿಲ್ಲ. ಅಂದು ರಾತ್ರಿಯ ಅಡಿಗೆಯನ್ನೂ ಅವರೇ ಮಾಡಿದರು.

ಮರುವರ್ಷ ಹಿತ್ತಿಲಿನ ನಡುವೆ ಗೋಡೆ ಎದ್ದಿತು. ಕರಿಬೇವಿನ ಮರ ಗೋಡೆಯ ಗೆರೆಗೆ ಸಿಕ್ಕಿತು. ಪತ್ರದಲ್ಲಿ ಇಲ್ಲದ್ದರಿಂದ ಅದು ಯಾರದೂ ಅಲ್ಲ. ಯಾರನ್ನೂ ಕೇಳದೆ ಕಡಿದರು. ಚಿಕ್ಕಂದಿನಲ್ಲಿ ಒಮ್ಮೆ, ಊಟದೆಲೆಯ ಅಂಚಿಗೆ ಕರಿಬೇವನ್ನು ಒಂದೊಂದಾಗಿ ಸರಿಸುತ್ತಿದ್ದ ನನ್ನನ್ನು ಅಮ್ಮ ಗದರಿದ್ದಳು. ಆಗ ಅತ್ತೆ, “ಬಿಡಿ ಅತ್ತಿಗೆ, ಇಡಲಿ. ಅದರ ಕೆಲಸ ಆಗಿದೆ” ಎಂದಿದ್ದರು. ಗೋಡೆ ಎದ್ದ ಮೇಲೆ ಆ ಮಾತು ನನಗೆ ಎಷ್ಟೋ ಸಲ ನೆನಪಿಗೆ ಬಂದಿದೆ.

ಕರಿಬೇವಿನ ಒಂದು ಸ್ವಭಾವವನ್ನು ಕಡಿದವರು ಮರೆತಿದ್ದರು. ಅದರ ಬೇರು ನೆಲದಡಿ ಅಡ್ಡಡ್ಡ ಹರಿದು, ಬುಡ ಹೋದರೂ ದೂರದಲ್ಲೆಲ್ಲೋ ಮರಿಯೊಡೆಯುತ್ತದೆ. ಮುಂದಿನ ಮಳೆಗೆ ಗೋಡೆಯ ಆ ಕಡೆಯೂ ಈ ಕಡೆಯೂ ಚಿಗುರು ಕಾಣಿಸಿತು. ಅತ್ತೆ ಯಾವ ಮನೆಯಲ್ಲಿ ಇದ್ದಾಗ ಆ ಕಡೆಯ ಮರಿಗೆ ಅಕ್ಕಿ ತೊಳೆದ ನೀರನ್ನು ಹಾಕುತ್ತಿದ್ದರು. ಅವರು ತೀರಿಕೊಂಡು ನಲವತ್ತು ವರ್ಷಗಳ ಮೇಲಾಯಿತು. ಕಾಡುಕೊತ್ತಂಬರಿ ಮಾತ್ರ ಅವರ ಹಿಂದೆಯೇ ಹೋಯಿತು. ಬಚ್ಚಲ ಕಾಲುವೆಯ ಮೇಲೆ ಚಪ್ಪಡಿ ಹಾಕಿಸಿದ್ದರಿಂದ ಅದಕ್ಕೆ ನೀರು ತಪ್ಪಿತು. ತಪ್ಪಿತೆಂದು ಗಮನಿಸುವ ಕಣ್ಣೂ ಇರಲಿಲ್ಲ.

ಈಗ ಕಾಲ ಬದಲಾಗಿದೆ. ಕರಿಬೇವಿಗೆ ಬೆಲೆ ಬಂದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಅದರ ಡಿಡಬ್ಲ್ಯುಡಿ-1, ಡಿಡಬ್ಲ್ಯುಡಿ-2 ಎಂಬ ತಳಿಗಳನ್ನು ಆರಿಸಿ ಕೊಟ್ಟಿದೆ. ಎಕರೆಗಟ್ಟಲೆ ಬೆಳೆಯುವವರಿದ್ದಾರೆ, ವಿಮಾನದಲ್ಲಿ ಕಳುಹಿಸುವವರಿದ್ದಾರೆ. ಬೆಳೆಗಾರನಿಗೆ ನಾಲ್ಕು ಕಾಸು ಬರುವುದು ಸಂತೋಷವೇ. ಆದರೆ ಸಂತೆಗೆ ಹೋದ ಎಲೆ ಸಂತೆಯ ರೋಗವನ್ನೂ ಅಂಟಿಸಿಕೊಂಡಿತು. ಎಲೆಗೆ ಒಂದು ಚುಕ್ಕೆಯೂ ಇರಬಾರದೆಂದು ಔಷಧ ಹೊಡೆಯುವುದು ಹೆಚ್ಚಾಗಿ, ಭಾರತದ ಕರಿಬೇವಿನಲ್ಲಿ ಕೀಟನಾಶಕದ ಶೇಷ ಮಿತಿಮೀರಿ ಕಂಡದ್ದರಿಂದ ಯೂರೋಪಿನ ಬಂದರುಗಳಲ್ಲಿ ಅದನ್ನು ವಿಶೇಷ ತಪಾಸಣೆಗೆ ಗುರಿಪಡಿಸಿದರು. ಲೆಕ್ಕಕ್ಕೆ ಸೇರದೆ ಅಜ್ಞಾತವಾಗಿದ್ದ ಎಲೆ ಚರಿತ್ರೆಯ ದಾಖಲೆಗೆ ಸೇರಿದ್ದು ಹೀಗೆ! ಹಿತ್ತಿಲಿಲ್ಲದ ಮನೆಗಳಲ್ಲಿ ನಾವು ಆ ಎಲೆಯನ್ನು ಉಪ್ಪುನೀರಿನಲ್ಲಿ ನೆನೆಸಿಟ್ಟು ಬಳಸುತ್ತೇವೆ.

ಹಿಂದಿನದೆಲ್ಲ ಚಿನ್ನವೆಂದು ಹೇಳುವವನು ನಾನಲ್ಲ. ಆ ಹಿಂದಿನ ಅಡಿಗೆಕೋಣೆಯಲ್ಲಿ ಒಂದು ಜೀವ ಇಡೀ ಬಾಳನ್ನು ಹೊಗೆಯಲ್ಲಿ ಕಳೆಯಿತು. ಅದನ್ನು ಮರೆತು ಬರಿಯ ಕಂಪನ್ನು ಹೊಗಳುವುದು ಸರಿಯಲ್ಲ. ಕಂಪು ಉಳಿಯಬೇಕು, ಕಂಪು ಕೊಟ್ಟವರನ್ನು ಅಂಚಿಗೆ ಸರಿಸುವ ಪದ್ಧತಿ ಹೋಗಬೇಕು. ನಿಮ್ಮ ಮನೆಗಳಲ್ಲಿ ಇಂಥ ಹಿರಿಯರು ಇದ್ದರೆ, ಯಾವ ಸೊಪ್ಪನ್ನು ಯಾವ ಹೊತ್ತಿಗೆ ಹಾಕುತ್ತೀರಿ, ಯಾರಿಂದ ಕಲಿತಿರಿ ಎಂದು ಕೇಳಿ ಬರೆದಿಡಿ. ಬರೆದಿಟ್ಟ ಮೇಲೆ ಒಂದು ದಿನ ಒಗ್ಗರಣೆಯನ್ನು ನೀವೇ ಹಾಕಿ, ಅವರಿಗೆ ಮೊದಲು ಬಡಿಸಿ. ಬರೆದದ್ದೊಂದೇ ಸಾಲದೆಂಬುದಕ್ಕೆ ಜಪಾನಿನ ಅರಮನೆಯ ಕೊತ್ತಂಬರಿಯೇ ಸಾಕ್ಷಿ.

ನಮ್ಮ ಪಾಲಿಗೆ ಬಂದ ಹಿತ್ತಿಲಿನಲ್ಲಿ ಗೋಡೆಗೆ ಒರಗಿ ಬೆಳೆದ ಕರಿಬೇವು ಈಗ ಸೂರಿಗಿಂತ ಎತ್ತರವಾಗಿದೆ. ಪಾರೀಕತ್ತಿನ ಪತ್ರವೂ ಪೆಟ್ಟಿಗೆಯಲ್ಲಿದೆ; ನನ್ನ ದುಂಡು ಅಕ್ಷರ ಇನ್ನೂ ಮಾಸಿಲ್ಲ. ಅದರಲ್ಲಿ ಅಂದು ನಾನು ಬರೆಯದೆ ಬಿಟ್ಟ ಎರಡನ್ನು ಇಂದು ಇಲ್ಲಿ ಬರೆದಿದ್ದೇನೆ.